ನಿಂಬೆವ್ವನ ಬರಿಗಾಲು

ಅಟ್ಟದ ಮೇಲಿನ ಚಪ್ಪಲಿಗಳು ಡಬ್ಬಿಯೊಳಗೇ ಕೂತು ಎರಡನೇ ದೀಪಾವಳಿ ಕಂಡವು. ತಂದವಳು ಸೊಸೆ ವಿಜಯಶ್ರೀ, ತಂದದ್ದು ಅತ್ತೆ ನಿಂಬೆವ್ವನಿಗೆ. ಅತ್ತೆಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ವಾರವೇ ಅವಳು ಆಳಂದದ ಬಜಾರಿನಲ್ಲಿ ಕಂಡ ಕಂಡ ಅಂಗಡಿ ಹತ್ತಿಳಿದು, ಬೆರಳಿನಿಂದ ಒತ್ತಿ ಒತ್ತಿ ನೋಡಿ, ಮೆತ್ತನೆಯ ಅಟ್ಟೆಯ ಜೋಡು ಆರಿಸಿ ತಂದಿದ್ದಳು. ನಿಂಬೆವ್ವ ಅವನ್ನು ತಿರುಗಿಸಿ ನೋಡಿ, "ಭಾಳ ಚೊಲೋ ಅವ ಬೇ" ಎಂದು ಮನಸಾರೆ ಮೆಚ್ಚಿ, ಮತ್ತೆ ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸಿದಳು. ಅಮಾಸೆಗೊಮ್ಮೆ ಡಬ್ಬಿಯ ಧೂಳು ಒರೆಸುವುದನ್ನು ಮಾತ್ರ ತಪ್ಪಿಸಲಿಲ್ಲ.

ಬರಿಗಾಲು ಅವಳ ಹರಕೆ. ಭೂಸನೂರಿನ ಹೊಲದ ದಾರಿಯಲ್ಲಿ, ಬೇವಿನ ಗಿಡದ ಕೆಳಗೆ ಕೂತ ಮರಗಮ್ಮನಿಗೆ ಹೊತ್ತದ್ದು. ಮಗ ಪರಮೇಶ ತೊಟ್ಟಿಲಲ್ಲಿದ್ದಾಗಿನಿಂದ ಅವಳ ಕಾಲಿಗೆ ಚಪ್ಪಲಿ ಬಿದ್ದಿಲ್ಲ. ಯಾಕೆ ಹೊತ್ತಳೆಂದು ಕೇಳಿದರೆ ಬಾಯಿಗೆ ಬೀಗ.

"ಯಾಕಂತ ಹೇಳಿದ್ರ ಏನಾಗ್ತದ್ರಿ ಅತ್ತಿ?" ರೊಟ್ಟಿ ಬಡಿಯುತ್ತಾ ವಿಜಯಶ್ರೀ ಕೇಳುತ್ತಿದ್ದಳು.

"ಅಂಥಾ ಮಾತು ಬಾಯಿಬಿಟ್ಟು ಆಡಬಾರದು. ಆಡಿದ್ರ ಅಮ್ಮನ್ನ ಕರದಂಗ."

"ಸಕ್ಕರಿ ಇದ್ದವರಿಗಿ ಕಾಲಾಗ ಮುಳ್ಳು ಮುರದ್ರೂ ತಿಳಿಯೂದಿಲ್ಲಂತ ಡಾಕ್ಟರ್ ಹೇಳ್ಯಾರ."

"ನನ್ನ ಕಾಲಿಗಿ ಈ ಊರಿನ ಒಂದೊಂದು ಹರಳೂ ಗೊತ್ತವ. ನೀ ರೊಟ್ಟಿ ನೋಡು, ಸೀಯಾಕತ್ತದ."

ವಿಜಯಶ್ರೀ ಜೇವರ್ಗಿಯ ಮಗಳು, ಪಿಯುಸಿ ವಿಜ್ಞಾನ ಓದಿದವಳು. ಈ ಮನೆಯಲ್ಲಿ ಅದಕ್ಕೆ ಸಿಕ್ಕ ಬಿರುದು 'ಶಾಣೇಕಿ', ಅಂದರೆ ಜಾಣೆ. ಮಾವ ಬೀರಣ್ಣ ಅಕ್ಕರೆಯಿಂದ ಹಾಗೆ ಕರೆಯುತ್ತಿದ್ದ, ಗಂಡ ಪರಮೇಶ ಸಿಟ್ಟು ಬಂದಾಗ ಕರೆಯುತ್ತಿದ್ದ, ಅತ್ತೆ ಎರಡೂ ಸೇರಿಸಿ ಕರೆಯುತ್ತಿದ್ದಳು. ಬೀರಣ್ಣನಿಗೆ ಒಂದಿಷ್ಟು ಕುರಿ, ಪರಮೇಶನಿಗೆ ಕಬ್ಬು, ನಿಂಬೆವ್ವನಿಗೆ ಇಡೀ ಮನೆ. ವಿಜಯಶ್ರೀಗೆ ಒಲೆ ಇತ್ತು, ಮತ್ತೆ ಯಾರೂ ಕೇಳದ ತನ್ನ ಶಾಣೇತನ ಇತ್ತು.

ಸಕ್ಕರೆ ಕಾರ್ಖಾನೆಯ ಹಂಗಾಮು ಶುರುವಾಗಿತ್ತು. ಪಕ್ಕದ ಹೊಲದವರ ಕಬ್ಬು ಕಡಿದು ಸಾಗಿಸಿದ್ದರು. ಕುರಿಗಳಿಗೆ ಕಬ್ಬಿನ ಸೋಗೆ ಆಯಲು ಹೋದ ನಿಂಬೆವ್ವನ ಅಂಗಾಲಿಗೆ ಕಡಿದುಳಿದ ಕಬ್ಬಿನ ಕೂಳೆ ನಟ್ಟಿತು. ಓರೆಯಾಗಿ ಕಡಿದ ಕೂಳೆಯೆಂದರೆ ಕುಡುಗೋಲಿನ ತುದಿಯೇ. ಅವಳಿಗೆ ನೋವೇ ಆಗಲಿಲ್ಲ. ಮನೆಗೆ ಬಂದಾಗ ಅಂಗಳದ ಸಾರಣೆಯ ಮೇಲೆ ಒಂದೇ ಕಾಲಿನ ಕೆಂಪು ಗುರುತು ಸಾಲಾಗಿ ಬಿದ್ದದ್ದನ್ನು ನೋಡಿ, 'ಯಾರ ಕಾಲು ಕುಯ್ದದ' ಎಂದು ತಾನೇ ಗದರಿದಳು. ತನ್ನದೇ ಎಂದು ತಿಳಿದಾಗ ಸುಣ್ಣ, ಅರಿಶಿಣ ಮೆತ್ತಿ ಅರಿವೆ ಸುತ್ತಿ, ಸೀರೆಯ ನಿರಿಗೆ ಇಳಿಬಿಟ್ಟು ಮುಚ್ಚಿದಳು. ಸೊಸೆ ಕಂಡರೆ ಚಪ್ಪಲಿಯ ಮಾತು ತೆಗೆಯುತ್ತಾಳೆ ಎಂಬುದೊಂದೇ ಅವಳಿಗಿದ್ದ ಭಯ.

ಗುಟ್ಟು ಉಳಿಯಲಿಲ್ಲ. ಒಂದು ಬೆಳಿಗ್ಗೆ ನಿಂಬೆವ್ವ ರೊಟ್ಟಿ ಬೇಡವೆಂದಳು, ಶೇಂಗಾ ಹಿಂಡಿಯೂ ಬೇಡವೆಂದಳು. ಮೈ ಕೆಂಡ. ವಿಜಯಶ್ರೀ ನಿರಿಗೆ ಸರಿಸಿ ಅರಿವೆ ಬಿಚ್ಚಿದರೆ, ಪಾದ ಊದಿ ಮಿರಮಿರ ಮಿಂಚುತ್ತಿತ್ತು. ಕೆಂಪು ಹಿಮ್ಮಡಿ ದಾಟಿ ಮೊಣಕಾಲಿನ ಕಡೆಗೆ ದಾರಿ ಹಿಡಿದಿತ್ತು. ನಾತ ಬೇರೆ.

"ಕಲ್ಯಾಣಕುಮಾರನ್ನ ಕರಕೊಂಡ ಬರ್ತೇನಿ," ಎಂದ ಪರಮೇಶ. "ಒಂದು ಸೂಜಿ, ಒಂದು ಸಲಾಯಿನ್. ಸಂಜಿಗಿ ಎದ್ದು ಕೂಡ್ತಾಳ."

ಕಲ್ಯಾಣಕುಮಾರ ಎಂದರೆ ಮೋಟರ್ ಸೈಕಲ್ಲಿನ ಚೀಲದಲ್ಲಿ ಬಾಟಲಿ ಇಟ್ಟುಕೊಂಡು ಊರೂರು ತಿರುಗುವವನು. ಓದಿದ್ದು ಏನೋ, ಎಲ್ಲಿಯೋ. ಆದರೆ ಕರೆದರೆ ಬರುತ್ತಾನೆ, ಕೈಗುಣ ಇದೆ ಎನ್ನುತ್ತಾರೆ.

"ಆಂವ ಯಾವ ಸೂಜಿ ಮಾಡ್ತಾನ, ಯಾಕ ಮಾಡ್ತಾನ, ಕೇಳೀರೇನ್ರಿ ಒಂದ್ಸಲನರ?" ಎಂದಳು ವಿಜಯಶ್ರೀ. "ಆಳಂದಕ್ಕ ಹೋಗೂಣು. ಈಗೇ."

"ನಾಳಿಗಿ ನಮ್ಮ ಕಟಾವಿನ ಪಾಳಿ ಬರೂದದ. ಗ್ಯಾಂಗಿನವರು ಬಂದು ಕುಂತ್ರ ನೀ ಕಬ್ಬು ಕಡಸ್ತಿಯೇನು?"

"ಕಬ್ಬು ಹೊಲದಾಗ ನಿಂತ್ರ ನಿಲ್ಲಲಿ. ಕಾಲು ಹೋದ್ರ ಬರ್ತದೇನು?"

ಹಾಸಿಗೆಯ ಮೇಲಿಂದ ನಿಂಬೆವ್ವ ಇಬ್ಬರಿಗೂ ಸೇರಿಸಿ ಕೂಗಿದಳು: "ಯಾರೂ ಬ್ಯಾಡ! ನನಗ ಸೂಜಿ ಮಾಡಸಬ್ಯಾಡ್ರಿ. ಅಮ್ಮ ಸಿಟ್ಟಾಗ್ತಾಳ."

"ಅಮ್ಮಗ ಬ್ಯಾರೆ ಕೆಲಸ ಇಲ್ಲೇನ್ರಿ ಅತ್ತಿ," ಎಂದುಬಿಟ್ಟಳು ವಿಜಯಶ್ರೀ. ಬಾಯಿಂದ ಜಾರಿದ ಮೇಲೆ ನಾಲಗೆ ಕಚ್ಚಿಕೊಂಡಳು. ನಿಂಬೆವ್ವ ಗೋಡೆಯ ಕಡೆ ಮುಖ ತಿರುವಿದಳು. ಬೀರಣ್ಣ ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದು, "ಗಾಡಿ ತರಸ್ರಿ," ಎಂದ. ಆ ಮನೆಯಲ್ಲಿ ಅವನು ಮಾತಾಡುವುದು ಅಪರೂಪ. ಆದ್ದರಿಂದ ಆಡಿದ ಮಾತು ನಡೆಯಿತು.

ಆಳಂದದಲ್ಲಿ ಅವರು ಸೇರಿಸಿದ್ದು ಬಸ್ ನಿಲ್ದಾಣದ ಹಿಂದಿನ ಒಂದು ಸಣ್ಣ ದವಾಖಾನೆಗೆ. ಡಾಕ್ಟರ್ ವಿದ್ಯಾವತಿ ಕಾಲನ್ನು ಮುಟ್ಟಿ, ಒತ್ತಿ, ಕೆಂಪು ಎಲ್ಲಿಗೆ ನಿಂತಿದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದರು.

"ನಂಜು ಮ್ಯಾಲ ಏರಾಕತ್ತದ್ರಿ," ಎಂದರು. "ಬರೇ ಗುಳಿಗಿಯಿಂದ ಈಗ ಆಗೂದಿಲ್ಲ. ನರದೊಳಗ ಔಷಧ ಕೊಡಬೇಕು. ಅದಕ್ಕಿಂತ ಮೊದಲ ರಕ್ತ ತಗೋತೇವಿ, ಗಾಯದ ಕೀವು ಪರೀಕ್ಷಾಕ್ಕ ಕಳಸ್ತೇವಿ. ಯಾವ ಕ್ರಿಮಿ ಅಂತ ಗೊತ್ತಾದ್ರ ಅದಕ್ಕ ತಕ್ಕ ಔಷಧ ಕೊಡಬಹುದು. ಕಿಡ್ನಿ ಹ್ಯಾಂಗವ ಅನ್ನೂದೂ ನೋಡಬೇಕು."

ಆಮೇಲೆ ಕೇಳಿದರು: "ಇವರಿಗಿ ಹಿಂದ ಯಾವುದರ ಔಷಧ, ಸೂಜಿ ತಗೊಂಡಾಗ ತ್ರಾಸ ಆಗಿತ್ತೇನ್ರಿ? ಮೈ ಕಡಿಯೂದು, ದದ್ದು ಏಳೂದು, ದಮ್ಮು ಹತ್ತೂದು?"

"ಇಲ್ರಿ ಮೇಡಂ, ಹಂಥಾದ್ದು ಏನೂ ಇಲ್ಲ," ಎಂದಳು ವಿಜಯಶ್ರೀ ಥಟ್ಟನೆ. ಪ್ರಶ್ನೆ ಅರ್ಥವಾಗುವುದು ತನಗೊಬ್ಬಳಿಗೇ ಎಂಬ ಧೈರ್ಯ ಅವಳದು. ಬೀರಣ್ಣನ ತುಟಿ ಒಂದಿಷ್ಟು ಅಲುಗಿತು. ನಿಂಬೆವ್ವ ಅವನ ಕಡೆ ಒಂದು ನೋಟ ಬಿಟ್ಟಳು. ತುಟಿ ಮುಚ್ಚಿಕೊಂಡಿತು.

ಸಿಸ್ಟರ್ ಹಮೀದಾಬೇಗಂ ಬಂದು ಕೈಯ ನರ ಹುಡುಕಿ ಸಣ್ಣ ನಳಿಗೆ ಕೂಡಿಸಿ ಪಟ್ಟಿ ಅಂಟಿಸಿದರು. ರಕ್ತ ತೆಗೆಯುವಾಗ ಸುಮ್ಮನಿದ್ದ ನಿಂಬೆವ್ವ, ಸ್ಟ್ಯಾಂಡಿಗೆ ಔಷಧ ಬೆರೆಸಿದ ಬಾಟಲಿ ತೂಗುಹಾಕುತ್ತಿದ್ದಂತೆ ಎದ್ದು ಕೂತಳು. ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟಳು.

"ಬ್ಯಾಡ್ರಿ ಯವ್ವಾ. ಹೋಗ್ಲಿ ಕಾಲು. ಅಮ್ಮ ಈ ಸಲ ನನ್ನ ಬಿಡೂದಿಲ್ಲ."

"ಅಮ್ಮಾ, ಬರೇ ಔಷಧ ಅದ ಇದು. ಸಾವಕಾಶ ಬಿಡ್ತೇನಿ, ಇಲ್ಲೇ ನಿಂತು ನೋಡ್ತೇನಿ," ಎಂದು ಸಿಸ್ಟರ್ ರಮಿಸಿದರು.

'ಈ ಸಲ.' ವಿಜಯಶ್ರೀಯ ಕಿವಿಗೆ ಬೇರೆಲ್ಲ ಬಿಟ್ಟು ಆ ಎರಡು ಮಾತು ಹತ್ತಿಕೊಂಡವು. ಈ ಸಲ ಎಂದರೆ ಹಿಂದೊಂದು ಸಲ ಇರಬೇಕಲ್ಲ! ಅವಳು ಬಾಗಿಲ ಬಳಿ ನಿಂತಿದ್ದ ಮಾವನನ್ನು ಮೊಣಕೈ ಹಿಡಿದು ಪಡಸಾಲೆಗೆ ಎಳೆದಳು. ಸೊಸೆ ಮಾವನ ಕೈ ಹಿಡಿಯುವುದು ಆ ಮನೆಯಲ್ಲಿ ಇರಲಿಲ್ಲ. ಬೀರಣ್ಣ ಬೆಚ್ಚಿದ.

"ಮಾವಾ, ಹಿಂದಿನ ಸಲ ಏನಾಗಿತ್ರಿ?"

"ಅದು… ಆಡಬಾರದವ್ವಾ."

"ನಿಮ್ಮ ಕಾಲಿಗಿ ಬೀಳ್ತೇನಿ. ಆಡ್ರಿ."

ಬೀರಣ್ಣ ಅತ್ತಿತ್ತ ನೋಡಿ, ಕಂಬಳಿಯ ಅಂಚು ಬಾಯಿಗೆ ಅಡ್ಡ ಹಿಡಿದು, ಮೆಲ್ಲಗೆ ಶುರುಮಾಡಿದ. ಪರಮೇಶ ತೊಟ್ಟಿಲ ಕೂಸು. ನಿಂಬೆವ್ವನಿಗೆ ಗಂಟಲು ಬಾತು ಜ್ವರ. ಸಂತೆಯ ದಿನ ಯಾವನೋ ಕಂಪೌಂಡರನ ಹತ್ತಿರ ಒಂದು ಸೂಜಿ ಮಾಡಿಸಿದರು. ಎತ್ತಿನ ಗಾಡಿ ಊರು ಮುಟ್ಟುವ ಮೊದಲೇ ಮೈಯೆಲ್ಲ ಕಡಿತ, ಅಂಗೈಯಗಲ ದದ್ದು. ತುಟಿ, ಕಣ್ಣು ಬಾತು ಮುಖದ ಗುರುತೇ ಸಿಗಲಿಲ್ಲ. ಉಸಿರು ಒಳಗೂ ಹೋಗದು, ಹೊರಗೂ ಬಾರದು.

"ನಮ್ಮವ್ವ ನೋಡಿದಾಕಿನೇ ಅಂದ್ಲು, ಮೈಮ್ಯಾಲ ಅಮ್ಮ ಎದ್ದಾಳ, ಜ್ವರ ಅಮ್ಮಂದಿತ್ತು, ನೀವು ಸೂಜಿ ಚುಚ್ಚಿಸಿ ತಾಯಿನ್ನ ಸಿಟ್ಟಿಗೆಬ್ಬಿಸೀರಿ ಅಂತ. ಬೇವಿನ ತಪ್ಪಲದಾಗ ಮಲಗಿಸಿದ್ವಿ. ಉಳೀತಾಳಂತ ಯಾರಿಗೂ ನಂಬಿಕಿ ಇರಲಿಲ್ಲ. ಉಳದ್ಲು. ಅವತ್ತಿನಿಂದ ಚಪ್ಪಲಿ ಬಿಟ್ಲು, ಸೂಜಿ ಬಿಟ್ಲು. ಇದಕ್ಕ ತ್ರಾಸ ಅಂತಾರೇನವ್ವ? ಡಾಕ್ಟರ್ ಔಷಧದ್ದು ಕೇಳಿದ್ರು. ಇದು ದೇವರದ್ದು."

ವಿಜಯಶ್ರೀ ಉತ್ತರ ಕೊಡಲು ನಿಲ್ಲಲಿಲ್ಲ. "ಸಿಸ್ಟರ್! ನಿಲ್ಲಸ್ರಿ!" ಎನ್ನುತ್ತಾ ಒಳಗೆ ಓಡಿದಳು. ಪಡಸಾಲೆಯಲ್ಲಿ ಕೂತವರೆಲ್ಲ ಎದ್ದು ನಿಂತರು.

ಹಮೀದಾಬೇಗಂ ಕಡೆಗೂ ಆ ಕೈಯನ್ನು ಸೆರಗಿನಿಂದ ಹೊರತೆಗೆಸಿ ನಳಿಗೆ ಜೋಡಿಸಿದ್ದರು. ನಳಿಗೆಯ ಮೇಲೆ ಹನಿ ಬಿಡುವ ಪುಟ್ಟ ಗಾಲಿಯನ್ನು ಇನ್ನೂ ತಿರುವಿರಲಿಲ್ಲ. ವಿಜಯಶ್ರೀಯ ಮುಖ ನೋಡಿದವರೇ ಏನು, ಯಾಕೆ ಎಂದು ಕೇಳದೆ ನಳಿಗೆ ಬಿಚ್ಚಿದರು. ಆಮೇಲೆ ಕೇಳಿದರು.

ವಿದ್ಯಾವತಿ ಬಂದು ಎಲ್ಲವನ್ನೂ ಮೊದಲಿನಿಂದ ಹೇಳಿಸಿದರು. ಸೂಜಿಗೂ ದದ್ದಿಗೂ ನಡುವೆ ಎಷ್ಟು ಹೊತ್ತಾಗಿತ್ತು, ಉಸಿರು ಹೇಗಿತ್ತು ಎಂದು ಬೀರಣ್ಣನನ್ನು ಮತ್ತೆ ಮತ್ತೆ ಕೇಳಿ, ಕುರ್ಚಿಗೆ ಒರಗಿದರು.

"ಇದು ಪೆನಿಸಿಲಿನ್ ಇರಬೇಕ್ರಿ. ಗಂಟಲು ನೋವಿಗಿ ಆಗ ಅದನ್ನೇ ಚುಚ್ಚತಿದ್ರು. ಕೆಲವರ ಮೈಗಿ ಅದು ಒಗ್ಗೂದಿಲ್ಲ. ನಾವು ಈಗ ಹಚ್ಚಬೇಕಂತ ಮಾಡಿದ್ದೂ ಅದೇ ಬಳಗದ್ದು. ಇಷ್ಟು ವರ್ಷಕ್ಕ ಆ ಒಗ್ಗದಿರೂದು ಹೋಗಿರಲಿಕ್ಕೂ ಸಾಕು, ಖರೆ. ಆದ್ರ ಇಂಥಾ ಜ್ವರದಾಗ ಅದನ್ನ ಪರೀಕ್ಷಾ ಮಾಡಿ ನೋಡೂ ಮಾತೇ ಬ್ಯಾಡ. ಬ್ಯಾರೆ ಬಳಗದ ಔಷಧ ಕೊಡೂಣು."

"ನಾ ಏನೂ ಇಲ್ಲಂತ ಹೇಳಿದ್ದೆನ್ರಿ ಮೇಡಂ," ಎಂದಳು ವಿಜಯಶ್ರೀ.

"ಈಗ ಹೇಳಿದ್ರಲ್ಲ, ಸಾಕು."

ಸಾಕೆಂದರೆ ಸಾಕಾಗುತ್ತದೆಯೇ? ವಿಜಯಶ್ರೀ ಮೋರಿಯ ಹತ್ತಿರ ಹೋಗಿ ಮುಖಕ್ಕೆ ನೀರು ಎರಚಿಕೊಂಡಳು. ಸೂಜಿ ಬೇಡ ಎಂದು ಅತ್ತೆ ಬೆಳಗಿನಿಂದ ಬಡಕೊಂಡಿದ್ದಳು. ಡಾಕ್ಟರ್ ಕೇಳಿದ ಪ್ರಶ್ನೆಗೆ ಉತ್ತರ ಅದೇ ಆಗಿತ್ತು. ಮೂಢನಂಬಿಕೆ ಎಂದು ತಾನು ಮೂಗು ಮುರಿದಿದ್ದಳು. ಅಮ್ಮಗ ಬ್ಯಾರೆ ಕೆಲಸ ಇಲ್ಲೇನ್ರಿ ಎಂದ ತನ್ನ ಮಾತು ನೆನಪಾಗಿ ಅವಳು ಮತ್ತೊಮ್ಮೆ ನೀರು ಎರಚಿಕೊಂಡಳು.

ಹೊಸ ಔಷಧದ ಹೆಸರು ವ್ಯಾಂಕೊಮೈಸಿನ್. ಜೊತೆಗೆ ಇನ್ನೊಂದು. ಹಚ್ಚುವ ಮೊದಲು ವಿದ್ಯಾವತಿ ಮನೆಯವರನ್ನೆಲ್ಲ ನಿಲ್ಲಿಸಿ ಹೇಳಿದರು: "ಇದು ಅವಸರದ ಔಷಧ ಅಲ್ಲ. ಹನಿ ಹನಿ, ಸಾವಕಾಶ ಇಳೀಬೇಕು. ಈ ಗಾಲಿ ಸಿಸ್ಟರ್ ಬಿಟ್ಟು ಯಾರೂ ಮುಟ್ಟಬಾರದು. ನಡುನಡುವ ಕಿಡ್ನಿ ಪರೀಕ್ಷಾ ಮಾಡ್ತೇವಿ. ಮೈ ಕಡದ್ರ, ಉಸಿರು ಹಿಡದ್ರ, ಕಿವಿ ಗುಂಯ್ ಅಂದ್ರ, ನಳಿಗಿ ಹಾಕಿದ ಜಾಗಾ ಉರದ್ರ, ಹಿಂದ ಮುಂದ ನೋಡದ ಕರೀರಿ."

ಎಲ್ಲರೂ ತಲೆಯಾಡಿಸಿದರು. ನಿಂಬೆವ್ವ ಮಾತ್ರ ಕಣ್ಣು ಮುಚ್ಚಿ ಮರಗಮ್ಮನನ್ನು ಜಪಿಸುತ್ತಿದ್ದಳು. ಬಾಟಲಿ ಇಳಿಯಿತು. ಸಿಸ್ಟರ್ ಪಕ್ಕದಲ್ಲೇ ನಿಂತು ನಾಡಿ ನೋಡಿದರು, ಮುಖ ನೋಡಿದರು. ಏನೂ ಆಗಲಿಲ್ಲ. ನಿಂಬೆವ್ವ ಒಂದು ಕಣ್ಣು ತೆರೆದು, "ಮುಗೀತೇನು?" ಎಂದಳು.

ಜ್ವರ ಇಳಿಯತೊಡಗಿತು. ಕಾಲಿನ ಕೆಂಪು ಪೆನ್ನಿನ ಗೆರೆಯೊಳಗೇ ನಿಂತು, ಒಂದಿಷ್ಟು ಹಿಂದಕ್ಕೂ ಸರಿಯಿತು. ದಿನಾ ಬೆಳಿಗ್ಗೆ ಭೂಸನೂರಿನ ಬಸ್ಸಿನಲ್ಲಿ ರೊಟ್ಟಿಯ ಗಂಟು ಬರುತ್ತಿತ್ತು. ನೆರೆಮನೆಯ ಖಾಸೀಂಬಿ ಬಡಿದ ರೊಟ್ಟಿ, ಪುಂಡಿಪಲ್ಯ, ಕಾರ ಕಡಿಮೆ ಹಾಕಿದ ಬೇಳೆ. ಗಂಟು ಬಿಚ್ಚಿದಾಗಲೆಲ್ಲ ನಿಂಬೆವ್ವನ ಪ್ರಶ್ನೆ ಕುರಿಗಳದ್ದು, ಮಜ್ಜಿಗೆಯದ್ದು, ಕಬ್ಬಿನದ್ದು. ಕಬ್ಬು ಇನ್ನೂ ಹೊಲದಲ್ಲೇ ಇತ್ತು. ಪಾಳಿ ತಪ್ಪಿ ಮುಂದಿನ ಪಾಳಿಗೆ ಬಿದ್ದಿತ್ತು. ಆ ಸಿಟ್ಟನ್ನು ಪರಮೇಶ ಗಂಟಿನ ಜೊತೆಗೆ ಹೊತ್ತು ತರುತ್ತಿದ್ದ.

"ಉಳಿದ ಬಾಟಲಿ ಮನ್ಯಾಗ ಹಚ್ಚಸೂಣು," ಎಂದ ಒಂದು ದಿನ. "ಕಲ್ಯಾಣಕುಮಾರ ಬರ್ತೇನಿ ಅಂದಾನ. ಇಲ್ಲಿ ಒಂದು ಬಾಟಲಿ ಇಳೀಲಿಕ್ಕಿ ಅರ್ಧ ಹೊತ್ತು. ನಾ ಹೊಲಕ್ಕ ಹೋಗಿ ಬರೂದ್ರಾಗ ಆಂವ ಮುಗಸ್ತಾನ."

"ಅದಕ್ಕೇ ಬ್ಯಾಡ," ಎಂದಳು ವಿಜಯಶ್ರೀ. "ಏನರ ಆದ್ರ ಆಂವ ಏನು ಮಾಡ್ತಾನ? ಕಿಡ್ನಿ ನೋಡ್ತಾನೇನು?"

"ಬಂತು ನೋಡು ಶಾಣೇಕಿ ಮಾತು. ಬಾಟಲಿ ಜಲ್ದಿ ಖಾಲಿ ಆದ್ರ ಮನಿಗಿ ಜಲ್ದಿ. ಇದರಾಗೇನು ಪಿಯುಸಿ ಓದೂದದ?"

ವಿಜಯಶ್ರೀ ಪಾತ್ರೆ ತೊಳೆಯಲು ಹೊರಗೆ ಹೋದಳು. ಪರಮೇಶ ಸುಮ್ಮನೆ ಕೂರುವ ಜೀವವಲ್ಲ. ತೊಟ್ಟಿಕ್ಕುವ ಹನಿ ನೋಡಿ ನೋಡಿ ಅವನಿಗೆ ತಲೆ ಕೆಟ್ಟಿತು. ಹೊಲದಲ್ಲಿ ಕಾಲುವೆಯ ಬಾಯಿ ಬಿಡಿಸಿ ನೀರು ಹಾಯಿಸುವವನು ಅವನು. ನೀರು ಸಣ್ಣಗೆ ಬಂದರೆ ದೊಡ್ಡದು ಮಾಡುವುದೇ ಅವನ ಉದ್ಯೋಗ. ನಳಿಗೆಯ ಮೇಲಿನ ಗಾಲಿಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿದ. ಹನಿಗಳು ಧಾರೆಯಾದವು.

"ಈಗ ಬರೋಬ್ಬರಿ ಆತು ನೋಡವ್ವ," ಎಂದ.

ವಿಜಯಶ್ರೀ ತಟ್ಟೆ ಒರೆಸುತ್ತಾ ಒಳಗೆ ಬಂದಾಗ ನಿಂಬೆವ್ವನ ಕುತ್ತಿಗೆ ಕುಂಕುಮ ಚೆಲ್ಲಿದಂತೆ ಕೆಂಪಾಗಿತ್ತು. ಕೆಂಪು ಮುಖಕ್ಕೆ, ಎದೆಗೆ ಹರಡುತ್ತಿತ್ತು. ಅವಳು ಎರಡೂ ಕೈಯಿಂದ ಕುತ್ತಿಗೆ ತುರಿಸಿಕೊಳ್ಳುತ್ತಾ ಚೀರಿದಳು: "ಬಂದ್ಲು! ಅಮ್ಮ ಬಂದ್ಲು! ನಾ ಹೇಳಿದ್ದಿಲ್ಲ? ಯಾರೂ ನನ್ನ ಮಾತು ಕೇಳಲಿಲ್ಲ."

ತಟ್ಟೆ ಕೈಯಿಂದ ಬಿತ್ತು. ಆ ಸದ್ದಿಗೇ ಹಮೀದಾಬೇಗಂ ಬಂದರು. ಬಾಟಲಿ ನೋಡಿದರು, ಗಾಲಿ ನೋಡಿದರು, ತಿರುವಿ ಬಂದ್ ಮಾಡಿದರು. ಅವರ ಹಿಂದೆಯೇ ವಿದ್ಯಾವತಿ. ನಾಡಿ, ರಕ್ತದೊತ್ತಡ, ಎದೆ. ಉಸಿರು ಸರಾಗವಾಗಿತ್ತು, ತುಟಿ ಬಾತಿರಲಿಲ್ಲ. ಕಡಿತಕ್ಕೆ ಔಷಧ ಕೊಟ್ಟರು. ಸ್ವಲ್ಪ ಹೊತ್ತಿಗೆ ಕೆಂಪು ತಿಳಿಯಾಗತೊಡಗಿತು.

"ಗಾಲಿ ಯಾರು ತಿರುವಿದ್ರಿ?" ಎಂದರು ವಿದ್ಯಾವತಿ. ದನಿ ಏರಿಸಲಿಲ್ಲ, ಅದೇ ಭಯವಾಗುವಂತಿತ್ತು.

ಪರಮೇಶ ನೆಲ ನೋಡಿದ. "ನಾನ್ರಿ. ಜಲ್ದಿ ಆಗ್ಲೆಂತ…"

"ನಿಮ್ಮ ತಾಯಿ ಕಬ್ಬಿನ ಹೊಲ ಅಲ್ಲ ಪರಮೇಶ," ಎಂದರು ಅವರು. ಬೀರಣ್ಣ ಮಗನ ಕಡೆ ನೋಡಿದ ನೋಟಕ್ಕೆ ಕುರಿಗಳಾದರೆ ಚದುರಿ ಓಡುತ್ತಿದ್ದವು.

ನಿಂಬೆವ್ವ ಹಟ ಹಿಡಿದಳು. ಇನ್ನು ಒಂದು ಹನಿಯೂ ಬೇಡ, ಮನೆಗೆ ಒಯ್ಯಿರಿ, ಸತ್ತರೆ ಬೇವಿನ ಗಿಡದ ಕೆಳಗೇ ಸಾಯುತ್ತೇನೆ. ವಿದ್ಯಾವತಿ ಅವಳ ಪಕ್ಕ ಮಂಚದ ಮೇಲೇ ಕೂತರು.

"ಅವ್ವಾ, ಇದು ಹಿಂದಿನಂಥಾದ್ದಲ್ಲ. ಈ ಔಷಧ ಭರಾಭರಾ ಒಳಗ ಹೋದ್ರ ಮೈ ಹಿಂಗ ಕೆಂಪಾಗ್ತದ. ಮೆಲ್ಲಕ ಬಿಟ್ರ ಆಗೂದಿಲ್ಲ. ಮೈ ಪೂರಾ ತಿಳಿಯಾದ ಮ್ಯಾಲ, ಮೊದಲಿಗಿಂತ ಮೆಲ್ಲಕ ಬಿಡ್ತೇವಿ. ನಾ ಇಲ್ಲೇ ಕೂಡ್ತೇನಿ. ನೀವೂ ನೋಡ್ರಿ. ಅಮ್ಮ ಬಂದ್ರ ಆ ಕ್ಷಣಾನೇ ಬಂದ್ ಮಾಡ್ತೇನಿ, ನಿಮ್ಮನ್ನ ಮನಿಗಿ ಕಳಸ್ತೇನಿ."

"ಅತ್ತಿ," ಎಂದಳು ವಿಜಯಶ್ರೀ. "ಅವತ್ತು ನಿಮ್ಮ ಮಾತು ನಾ ಕೇಳಲಿಲ್ಲ. ನಂದು ತಪ್ಪು. ಇವತ್ತೊಂದು ಸಲ ನನ್ನ ಮಾತು ನೀವು ಕೇಳ್ರಿ."

ನಿಂಬೆವ್ವ ಸೊಸೆಯನ್ನು ದಿಟ್ಟಿಸಿದಳು. ಶಾಣೇಕಿಯ ಬಾಯಿಂದ ತಪ್ಪು ಎಂಬ ಮಾತು ಬಂದದ್ದು ಅವಳಿಗೆ ಹೊಸದು. ಕೈ ಚಾಚಿದಳು.

ಗಾಲಿ ಅತಿ ಸ್ವಲ್ಪ ಸರಿಯಿತು. ಹನಿ ಬಿತ್ತು, ನಿಂತು, ಮತ್ತೊಂದು ಬಿತ್ತು. ನಿಂಬೆವ್ವ ಈ ಸಲ ಕಣ್ಣು ಮುಚ್ಚಲಿಲ್ಲ. ಒಮ್ಮೆ ಬಾಟಲಿ, ಒಮ್ಮೆ ತನ್ನ ತೋಳು, ಒಮ್ಮೆ ಸೊಸೆ ಹಿಡಿದ ಪುಟ್ಟ ಕನ್ನಡಿಯಲ್ಲಿ ತನ್ನ ಕುತ್ತಿಗೆ. ಬಾಟಲಿ ಅರ್ಧವಾಯಿತು. ಮೈ ತನ್ನ ಬಣ್ಣದಲ್ಲೇ ಇತ್ತು. ಬಾಟಲಿ ಬರಿದಾಯಿತು. ಆಗಲೂ ಇತ್ತು.

ನಿಂಬೆವ್ವ ಗಾಲಿಯ ಕಡೆ ಬೆರಳು ತೋರಿಸಿ ಕೇಳಿದಳು.

"ಪರಮ್ಯಾ ತಿರುವಿದಾಗ ಬಂತು. ನೀವು ಮೆಲ್ಲಕ ಬಿಟ್ರಿ, ಬರಲಿಲ್ಲ. ಅಮ್ಮ ಈ ಪಿಲಾಸ್ಟಿಕ್ ಗಾಲಿ ಹೇಳಿದಂಗ ಕೇಳ್ತಾಳೇನ್ರಿ?"

"ಇಲ್ಲವ್ವ," ಎಂದು ವಿದ್ಯಾವತಿ ನಕ್ಕರು.

"ಹಂಗಾರ ಇದು ಔಷಧದ್ದು."

"ಔಷಧದ್ದು."

"ಅವತ್ತು… ಪರಮ್ಯಾ ಕೂಸಿದ್ದಾಗ… ಅದೂ ಔಷಧದ್ದು?"

"ಅದೂ ಔಷಧದ್ದೇರಿ. ನಿಮ್ಮ ಮೈಗಿ ಒಗ್ಗಲಿಲ್ಲ, ಅಷ್ಟೇ. ನೀವು ಏನೂ ಮಾಡಿರಲಿಲ್ಲ."

ನಿಂಬೆವ್ವ ಡಾಕ್ಟರ ಕೈ ಹಿಡಿದಳು. "ಅಂದ್ರ ಅಮ್ಮ ನನ್ನ ಮ್ಯಾಲ ಸಿಟ್ಟಾಗಿರಲಿಲ್ಲ?"

ಅವಳು ಅಳತೊಡಗಿದಳು. ಗಟ್ಟಿಯಾಗಿ, ಕೂಸಿನ ಹಾಗೆ, ಮೂಗು ಬಾಯಿ ಒಂದು ಮಾಡಿ ಅತ್ತಳು. ಪಕ್ಕದ ಮಂಚದವರು ಎದ್ದು ಕೂತರು. "ನಮ್ಮತ್ತಿ ಸಾಯೂತನ ಅಂದ್ಲು, ನೀ ತಾಯಿನ್ನ ಸಿಟ್ಟಿಗೆಬ್ಬಿಸಿದಾಕಿ, ಆರತಿ ತಾಟು ಮುಟ್ಟಬ್ಯಾಡ ಅಂತ. ಊರಾಗ ಎಲ್ಲಾರೂ ಆರತಿ ಒಯ್ಯೂವಾಗ ನಾ ಹಿಂದ ನಿಂತೆ. ನನ್ನ ಮನ್ಯಾಗ ಯಾರಿಗಿ ತಲಿ ನೋವು ಬಂದ್ರೂ ನನ್ನಿಂದಾನೇ ಅನಕೊಂಡೆ. ಏನೂ ಮಾಡಿರಲಿಲ್ಲ ನಾ! ಕೇಳಿದ್ರೇನು, ಏನೂ ಮಾಡಿರಲಿಲ್ಲ!"

ಬೀರಣ್ಣ ಹೆಂಡತಿಯ ತಲೆಯ ಮೇಲೆ ಕೈ ಇಟ್ಟ. ಮಗ, ಸೊಸೆ, ಡಾಕ್ಟರ್ ಎದುರಿಗಿದ್ದಾರೆಂಬುದು ಅವನಿಗೆ ಮರೆತೇ ಹೋಗಿತ್ತು. ವಿಜಯಶ್ರೀಗೂ ಅಳು ಬಂತು. ಅತ್ತೆಯ ಹರಕೆಯೊಳಗೆ ಭಕ್ತಿ ಇದೆ ಎಂದುಕೊಂಡಿದ್ದಳು. ಇದ್ದದ್ದು ಶಿಕ್ಷೆ. ತಾನೇ ತನಗೆ ಹಾಕಿಕೊಂಡ, ಯಾರೂ ತೆಗೆಯಲು ಬಾರದ ಶಿಕ್ಷೆ.

ಅಂದಿನಿಂದ ದವಾಖಾನೆಯಲ್ಲಿ ಹೊಸ ಪಹರೆ ಶುರುವಾಯಿತು. ತನ್ನ ಬಾಟಲಿಯನ್ನಷ್ಟೇ ಅಲ್ಲ, ಇಡೀ ಕೋಣೆಯ ಬಾಟಲಿಗಳನ್ನು ನಿಂಬೆವ್ವ ಕಾಯತೊಡಗಿದಳು. ಯಾರ ಮಗನ ಕೈಯಾದರೂ ಗಾಲಿಯ ಕಡೆ ಹೋದರೆ, "ಏ ತಮ್ಮಾ, ಕೈ ತಗಿ! ಅದು ಸಿಸ್ಟರದು!" ಎಂಬ ಗುಡುಗು. ಹಮೀದಾಬೇಗಂಗೆ ನಗು ತಡೆಯುತ್ತಿರಲಿಲ್ಲ. ಗಾಯ ಸೀಳಿ ಕೀವು ತೆಗೆದರು. ಒಳಗೆ ಉಳಿದಿದ್ದ ಕಬ್ಬಿನ ಸಿಬಿರು ಹೊರಬಂತು. ಕೀವಿನ ವರದಿ ಬಂತು. ಬೆರಳು ತೆಗೆಯಬೇಕಾಗಬಹುದು ಎಂದು ಹೆದರಿದ್ದ ವಿದ್ಯಾವತಿ, ಒಂದು ಬೆಳಿಗ್ಗೆ ಪಟ್ಟಿ ಬಿಚ್ಚಿ ಬೆರಳೊಂದೊಂದನ್ನೇ ಮುಟ್ಟಿ ನೋಡಿ, "ಎಲ್ಲಾ ಬೆರಳೂ ನಿಮ್ಮವೇ ಉಳದಾವ್ರಿ" ಎಂದರು. ಕಿಡ್ನಿಯೂ ಚೆನ್ನಾಗಿತ್ತು. ಸೂಜಿಯಿಂದ ಗುಳಿಗೆಗೆ ಬದಲಾಯಿಸಿ ಮನೆಗೆ ಕಳಿಸಿದರು. ಕಳಿಸುವಾಗ ಎರಡೇ ಮಾತು ಹೇಳಿದರು: ಆರಾಮಾಯಿತೆಂದು ಗುಳಿಗೆ ನಡುವೆ ಬಿಡಬೇಡಿ, ಯಾವ ದವಾಖಾನೆಗೆ ಹೋದರೂ ಪೆನಿಸಿಲಿನ್ ಒಗ್ಗುವುದಿಲ್ಲವೆಂದು ಮೊದಲು ಹೇಳಿ.

ಮನೆಯಲ್ಲಿ ಗುಳಿಗೆಯ ಜಗಳ ನಡೆಯಿತು, ನಡೆಯದೆ ಇರುತ್ತದೆಯೇ? ಗಾಯ ಮಾಯುತ್ತಾ ಬಂದಂತೆ ಬೀರಣ್ಣ, "ಇನ್ನ ಯಾಕವ್ವಾ ಗುಳಿಗಿ, ಹೊಟ್ಟಿ ಸುಡ್ತದ" ಎಂದ. ಅವನ ಬಾಯಿ ಮುಚ್ಚಿಸಿದವನು ಪರಮೇಶ. ಗಾಲಿ ತಿರುವಿದ ದಿನದಿಂದ ಅವನು ಮೆತ್ತಗಾಗಿದ್ದ. ಊಟವಾದ ಮೇಲೆ ಗುಳಿಗೆ, ನೀರು ತಂದು ಅವ್ವನ ಮುಂದೆ ನಿಲ್ಲುವ ಕೆಲಸವನ್ನು ಯಾರೂ ಹೇಳದೆ ವಹಿಸಿಕೊಂಡಿದ್ದ. ಕಬ್ಬು ಮುಂದಿನ ಪಾಳಿಯಲ್ಲಿ ಹೋಯಿತು. ಒಣಗಿ ಒಂದಿಷ್ಟು ತೂಕ ಕಳೆಯಿತು; ಅದರ ಬಗ್ಗೆ ಅವನು ಒಂದು ಮಾತು ಆಡಲಿಲ್ಲ.

ತಬ್ಯೆತ್ತು ಕೇಳಲು ಕಲ್ಯಾಣಕುಮಾರ ಬಂದ. ಚಹಾ ಕುಡಿಯುತ್ತಾ, "ಶಕ್ತಿಗಿ ಒಂದು ಸೂಜಿ ಮಾಡ್ಲೇನು ದೊಡ್ಡವ್ವ?" ಎಂದ.

"ಯಾವ ಸೂಜಿ? ಹೆಸರು ಹೇಳು," ಎಂದಳು ನಿಂಬೆವ್ವ.

"ಹೆಸರು ತಗೊಂಡು ಏನು ಮಾಡ್ತಿ?"

"ನನಗ ಪೆನಿಸಿಲಿನ್ ಒಗ್ಗೂದಿಲ್ಲ. ನೀ ಕೇಳಿದ್ಯೇನು ಮೊದಲ? ಚಹಾ ಕುಡಿ, ಮನಿಗಿ ನಡಿ."

ಒಲೆಯ ಮುಂದೆ ಕೂತ ವಿಜಯಶ್ರೀ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು.

ಗಾಯ ಪೂರ್ತಿ ಮಾಯ್ದ ಮೇಲಿನ ಮಂಗಳವಾರ ನಿಂಬೆವ್ವ ಮಿಂದು, ಹಸಿರು ಇಳಕಲ್ ಸೀರೆ ಉಟ್ಟು, ಉಡಿ ತುಂಬಲು ಅಕ್ಕಿ, ಕುಬುಸದ ಕಣ, ತೆಂಗಿನಕಾಯಿ ಜೋಡಿಸಿದಳು. ಆರತಿಯ ತಾಟು ತಾನೇ ತಿಕ್ಕಿ ಬೆಳಗಿದಳು. ವಿಜಯಶ್ರೀ ಸುಮ್ಮನೆ ನೋಡುತ್ತಿದ್ದಳು. ಅಮ್ಮನಲ್ಲ, ಔಷಧ ಎಂದು ತಿಳಿದ ಮೇಲೆ ಅತ್ತೆ ದೇವರನ್ನೇ ಬಿಟ್ಟಾಳೇನೋ ಎಂಬ ಅಳುಕು ಅವಳಿಗಿತ್ತು. ಅವಳ ಮನಸ್ಸು ಓದಿದವಳಂತೆ ನಿಂಬೆವ್ವ ಹೇಳಿದಳು.

"ಹಂಗ್ಯಾಕ ನೋಡ್ತಿ? ಸಿಟ್ಟಿಲ್ಲದ ತಾಯಿ ಹತ್ರ ಹೋಗೂದು ಇದೇ ಮೊದಲು. ಬಾ, ನೀನೂ ಬಾ. ಮೊದಲ ಆ ಡಬ್ಬಿ ಇಳಸು."

"ಯಾವ ಡಬ್ಬಿರಿ?"

"ಎಲ್ಲಾ ತಿಳೀತದ ಶಾಣೇಕಿಗಿ, ಇದು ತಿಳಿಯೂದಿಲ್ಲ ನೋಡು."

ವಿಜಯಶ್ರೀ ಅಟ್ಟದಿಂದ ಡಬ್ಬಿ ಇಳಿಸಿದಳು. ನೆಲದ ಮೇಲೆ ಕೂತು ಅತ್ತೆಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳುಗಳ ನಡುವೆ ನೋಡಿ, ಹೊಸ ಚರ್ಮ ಮೂಡಿದ ಅಂಗಾಲು ಸವರಿ, ಚಪ್ಪಲಿ ತೊಡಿಸಿದಳು. ನಿಂಬೆವ್ವ ಎದ್ದು ನಿಂತು ಗೋಡೆ ಹಿಡಿದಳು. ನಡೆಯಲು ಬರಲಿಲ್ಲ. ಮೆತ್ತನೆಯ ಅಟ್ಟೆಯ ಮೇಲೆ ಓಲಾಡುತ್ತಾ, "ಯವ್ವಾ, ನೆಲ ಎಲ್ಲಿ ಹೋತು?" ಎಂದಳು. ಅಂಗಳದಲ್ಲಿದ್ದ ಬೀರಣ್ಣ ಕುರಿಗಳನ್ನು ಬಿಟ್ಟು ನಿಂತು ನೋಡಿದ. ಪರಮೇಶ ಶೀಟಿ ಹೊಡೆದ. "ಸುಮ್ಮನಿರಲೇ!" ಎಂದು ಅವನಿಗೆ ಗದರಿ, ಸೊಸೆಯ ಭುಜ ಹಿಡಿದು ಹೊರಟಳು.

ಬೇವಿನ ಗಿಡದ ಕಟ್ಟೆ ಬಂತು. ಅಲ್ಲಿ ಬಂದ ಹೆಂಗಸರೆಲ್ಲ ಚಪ್ಪಲಿ ಕಳಚಿ ಸಾಲಾಗಿ ಬಿಟ್ಟಿದ್ದರು. ನಿಂಬೆವ್ವ ಆ ಸಾಲಿನ ಮುಂದೆ ನಿಂತಳು. ಇಷ್ಟು ವರ್ಷ ಆ ತಾಯಿಯ ಹತ್ತಿರ ಬಂದಾಗ ಬಿಡಲು ಅವಳ ಕಾಲಲ್ಲಿ ಏನೂ ಇರಲಿಲ್ಲ. ಈಗ ಮೆಲ್ಲಗೆ ಒಂದು ಚಪ್ಪಲಿ ತೆಗೆದಳು, ಇನ್ನೊಂದು ತೆಗೆದಳು, ಎರಡನ್ನೂ ಜೋಡಿಸಿ ಎಲ್ಲರ ಚಪ್ಪಲಿಗಳ ಪಕ್ಕದಲ್ಲಿಟ್ಟಳು. ಆರತಿಯ ತಾಟು ಎತ್ತಿಕೊಂಡು, ಎಲ್ಲರಿಗಿಂತ ಮುಂದೆ ಹೋಗಿ ನಿಂತಳು.

ಕಣ್ಣು ಮುಚ್ಚಿ ಇನ್ನೇನು ಆರತಿ ಎತ್ತಬೇಕು, ತಟ್ಟನೆ ಹಿಂದಿರುಗಿ ನೋಡಿ ಕೂಗಿದಳು.

"ವಿಜ್ಯಾ, ನನ್ನ ಚಪ್ಪಲಿ ಮ್ಯಾಲ ಒಂದು ಕಣ್ಣಿರಲಿ ಬೇ! ಯಾರರ ಹಾಕ್ಕೊಂಡು ಹೋದಾರು. ಬರೂವಾಗ ನಾ ಬರಿಗಾಲಿಲೆ ಬರೂದಿಲ್ಲ."